ಭಾವನ ಕೆಂಪು ಮೀನು

ಮಾಡದ ತಪ್ಪನ್ನು ತಲೆಗೆ ಕಟ್ಟಿದರೆ ಸುಮ್ಮನಿರುವ ಹೆಂಗಸಲ್ಲ ಅವಳು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ಒಂದು ಮೀನಿನ ದೆಸೆಯಿಂದ ಅವಳು ಏನು ನುಂಗಿಕೊಂಡಳು ಎನ್ನುವುದು ಯಾರಿಗೂ ಅರ್ಥವಾಗುವುದಿಲ್ಲ.

ಇಪ್ಪತ್ತೆರಡು ವರ್ಷದಿಂದ ಅವಳು ಹಲ್ಲಿನ ಸೆಟ್ ಮಾಡುವ ಲ್ಯಾಬಿನಲ್ಲಿದ್ದಾಳೆ. ಡಾಕ್ಟರುಗಳು ರೋಗಿಯ ಬಾಯಿಂದ ಅಚ್ಚು ತೆಗೆದು ಕಳಿಸುತ್ತಾರೆ. ಅವಳು ಅದಕ್ಕೆ ಪ್ಲಾಸ್ಟರ್ ಹೊಯ್ದು, ಮೇಣದಲ್ಲಿ ಒಸಡು ಕಟ್ಟಿ, ಒಂದೊಂದೇ ಹಲ್ಲು ಕೂರಿಸಿ, ಉಜ್ಜಿ, ಹೊಳಪು ಕೊಟ್ಟು ವಾಪಸ್ ಕಳಿಸುತ್ತಾಳೆ. ಊರಿನ ವಯಸ್ಸಾದವರಲ್ಲಿ ಅರ್ಧ ಜನ ನಗುವುದು, ಅಗಿಯುವುದು, ಮೊಮ್ಮಕ್ಕಳನ್ನು ಬೈಯುವುದು ಎಲ್ಲ ಅವಳ ಕೈಕೆಲಸದಲ್ಲೇ. ಅವರಲ್ಲಿ ಒಬ್ಬರಿಗೂ ಅವಳು ಯಾರೆಂದು ಗೊತ್ತಿಲ್ಲ. ಅದಕ್ಕೆ ಅವಳಿಗೆ ಬೇಸರವೂ ಇಲ್ಲ.

ಬೇಸರವಾಗುವುದು ಬೇರೆಯದಕ್ಕೆ. ಒಮ್ಮೆ ಒಬ್ಬ ಡಾಕ್ಟರು ಸರಿಯಾಗಿ ಕೂರದ ಸೆಟ್ಟನ್ನು ರೋಗಿಗೆ ತೋರಿಸಿ, ಲ್ಯಾಬಿನವರು ಕೆಡಿಸಿದ್ದಾರೆ ಎಂದುಬಿಟ್ಟರು. ಸುದ್ದಿ ಲ್ಯಾಬಿಗೆ ಮುಟ್ಟಿದ ಅರ್ಧ ಗಂಟೆಯಲ್ಲಿ ಅವಳು ಪ್ಲಾಸ್ಟರ್ ಮೆತ್ತಿದ ಏಪ್ರನ್ನಿನಲ್ಲೇ ಕ್ಲಿನಿಕ್ಕಿನಲ್ಲಿದ್ದಳು. ಹೊರಗೆ ಆರು ಜನ ಕಾಯುತ್ತಿದ್ದರು. ಅವಳು ಡಾಕ್ಟರು ಕಳಿಸಿದ್ದ ಅಚ್ಚನ್ನು ಮೇಜಿನ ಮೇಲಿಟ್ಟು, ಅವಸರದಲ್ಲಿ ಬಾಯಿಂದ ಎಳೆದ ಗುರುತನ್ನು ಬೆರಳಿಟ್ಟು ತೋರಿಸಿದಳು. ಡಾಕ್ಟರು ಮೆಲ್ಲಗೆ, "ಆಮೇಲೆ ಮಾತಾಡೋಣ ಮೇಡಂ" ಎಂದರು.

"ಆಮೇಲೆ ಅಲ್ಲ ಡಾಕ್ಟ್ರೇ. ನನ್ನ ಮೇಲೆ ಹಾಕಿದ್ದು ರೋಗಿಯ ಎದುರಿಗೆ. ವಾಪಸ್ ತಗೊಳ್ಳೋದೂ ಇವರ ಎದುರಿಗೇನೇ."

ತೆಗೆದುಕೊಂಡರು. ಅಂದಿನಿಂದ ಲ್ಯಾಬಿನಲ್ಲಿ ಅವಳಿಗೆ ರುಜುವಾತು ಮೇಡಂ ಎಂದೇ ಹೆಸರು. ಎದುರಿಗೆ ಮೇಡಂ, ಬೆನ್ನ ಹಿಂದೆ ರುಜುವಾತು. ಗಂಡನೂ ಆಗೀಗ ಹಾಗೆ ಕರೆಯುವುದುಂಟು. ಅವನು ಲಿಫ್ಟ್ ರಿಪೇರಿ ಮಾಡುವವನು. ಎಂಥವರ ಏರಿಳಿತವನ್ನೂ ಕಂಡವನಾದ್ದರಿಂದ ಸಿಟ್ಟೆಂಬುದು ಅವನ ಹತ್ತಿರ ಸುಳಿಯುವುದಿಲ್ಲ. ಮನೆಯ ಪಾಲಿನ ಸಿಟ್ಟನ್ನೆಲ್ಲ ಅವಳೊಬ್ಬಳೇ ನಿಭಾಯಿಸುತ್ತಾಳೆ.

ಮೀನು ಅವಳದ್ದಲ್ಲ, ಭಾವನದು. ಭಾವನಿಗೆ ಟೈಲ್ಸ್ ಮತ್ತು ಅಮೃತಶಿಲೆಯ ದೊಡ್ಡ ಅಂಗಡಿ. ನೆಲ ಎಂದರೆ ಮುಖ ಕಾಣುವ ಹಾಗೆ ಹೊಳೆಯಬೇಕು ಎನ್ನುವ ಮನುಷ್ಯ. ಅಂಥವನು ತನ್ನ ಹಾಲಿನಲ್ಲಿ ನಾಲ್ಕು ಅಡಿಯ ಉಪ್ಪುನೀರಿನ ಟ್ಯಾಂಕು ಇಡಿಸಿ, ಅದರ ತಳಕ್ಕೂ ಅಂಗಡಿಯ ಅಮೃತಶಿಲೆಯ ಚೂರುಗಳನ್ನೇ ಹಾಸಿದ್ದ. ಅದರ ಮೇಲೆ ಕೆಂಪು ಬಣ್ಣದ ಒಂದು ಮೀನು ಬಿಟ್ಟಿದ್ದ. ಬೆರಳುದ್ದದ ಮೀನು, ಬೆನ್ನ ಮೇಲೆ ಜೀನು ಹಾಕಿದ ಹಾಗೆ ಬಿಳಿ ಪಟ್ಟೆ, ಪಟ್ಟೆಗೆ ಕಪ್ಪು ಅಂಚು. ಅದನ್ನು ಮಾರಿದ ಮೀನಿನಂಗಡಿಯವನು ಅದರ ಜಾತಿಗೆ ರಾಸ್ ಅನ್ನುತ್ತಿದ್ದ. ಬಂದ ಅತಿಥಿಗಳಿಗೆ ಭಾವ ಅದನ್ನು ತೋರಿಸದೆ ಕಾಫಿ ಕೊಡಿಸುತ್ತಿರಲಿಲ್ಲ.

ಮನೆಯ ನೆಲವನ್ನೆಲ್ಲ ಕಿತ್ತು ಹೊಸದು ಹಾಕಿಸುತ್ತೇನೆಂದು ಭಾವ ಹೊರಟಾಗ, ಧೂಳಿನಲ್ಲಿ ಮೀನು ಉಳಿಯುವುದಿಲ್ಲ ಎಂದಾಯಿತು. ಅಕ್ಕ ಫೋನು ಮಾಡಿದಳು. "ಎರಡು ತಿಂಗಳು ಅಷ್ಟೇ ಕಣೇ. ನಿಮ್ಮನೇಲಿ ಇಟ್ಕೋ. ನೀನಾದ್ರೆ ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೋತೀಯ."

ಅಕ್ಕ ಕೇಳಿದರೆ ಅವಳಿಗೆ ಇಲ್ಲವೆನ್ನಲು ಬಾರದು. ಅವಳಿಗಿಂತ ಎಂಟು ವರ್ಷ ದೊಡ್ಡವಳು. ಜಡೆ ಹಾಕಿದ್ದು, ಮಗ್ಗಿ ಕಲಿಸಿದ್ದು, ಕೈಹಿಡಿದು ಲ್ಯಾಬಿನ ಬಾಗಿಲ ತನಕ ಕರೆದೊಯ್ದು ಕೆಲಸಕ್ಕೆ ಸೇರಿಸಿದ್ದು ಎಲ್ಲ ಅಕ್ಕನೇ. ಟ್ಯಾಂಕು, ಪಂಪು, ದೀಪ, ಉಪ್ಪಿನ ಚೀಲ, ಕೆಂಪು ಮೀನು ಎಲ್ಲವೂ ಒಂದು ಶನಿವಾರ ಟೆಂಪೋದಲ್ಲಿ ಬಂದಿಳಿದವು. ಎರಡು ತಿಂಗಳು ಎಂದದ್ದು ಹನ್ನೊಂದು ತಿಂಗಳಾಯಿತು. ಭಾವ ನೆಲದ ಬಣ್ಣದ ಬಗ್ಗೆ ಮೂರು ಸಲ ಮನಸ್ಸು ಬದಲಾಯಿಸಿದ, ಮೂರು ಸಲವೂ ನೆಲ ಕೀಳಿಸಿದ.

ಮೀನು ಬಂದ ದಿನ ಸಂಜೆ ಅವಳು ಟ್ಯಾಂಕಿನ ಮುಂದೆ ಸ್ಟೂಲು ಹಾಕಿಕೊಂಡು ಕೂತಿದ್ದಳು. ಆರು ಗಂಟೆಯ ಹೊತ್ತಿಗೆ ಮೀನು ತಲೆ ಕೆಳಗೆ ಮಾಡಿ ಅಮೃತಶಿಲೆಯ ಚೂರುಗಳಿಗೆ ಮೂತಿ ಗುದ್ದತೊಡಗಿತು. ಒಂದು ಸಲವಲ್ಲ, ಹತ್ತು ಸಲ. ಈ ಮೂಲೆಯಲ್ಲಿ ಗುದ್ದಿತು, ಆ ಮೂಲೆಯಲ್ಲಿ ಗುದ್ದಿತು. ಕೊನೆಗೆ ಪಂಪಿನ ಹಿಂದೆ ಒರಗಿಕೊಂಡು ನಡುಗುತ್ತ ನಿಂತಿತು. ಅವಳು ಲ್ಯಾಬಿನ ಭೂತಗನ್ನಡಿ ತಂದು ಹಿಡಿದು ನೋಡಿದಳು. ಗದ್ದ ತರಚಿ ಹಸಿಯಾಗಿತ್ತು. ಹಳೆಯ ಗಾಯದ ಮೇಲೆ ಹೊಸ ಗಾಯ.

"ರೀ, ಬನ್ನಿ ಇಲ್ಲಿ. ಇದಕ್ಕೆ ದಿನಾ ಹೀಗೇ ಆಗ್ತಿತ್ತು ಅಂತ ಕಾಣತ್ತೆ. ಆ ಮನೇಲಿ ಒಬ್ಬರಿಗಾದ್ರೂ ಕಣ್ಣಿಲ್ವಾ?"

ಮರುದಿನ ಅವಳು ಭಾವ ಮೀನು ಕೊಂಡಿದ್ದ ಅಂಗಡಿಗೆ ಹೋದಳು. ಅಂಗಡಿಯವನು ಬಲೆಯಿಂದ ಎಲೆ ತೆಗೆಯುತ್ತಲೇ ಹೇಳಿದ. ಈ ಜಾತಿಯ ಮೀನು ಮರಳಿನಲ್ಲಿ ಹೂತುಕೊಂಡು ಮಲಗುತ್ತದೆ, ಹೆದರಿದರೂ ಮರಳಿಗೇ ನುಗ್ಗುತ್ತದೆ. ಅದಕ್ಕೆ ಅರ್ಧ ಗೇಣು ಆಳದ ನುಣುಪು ಮರಳು ಬೇಕು. ಕಲ್ಲಿನ ಮೇಲೆ ಬಿಟ್ಟರೆ ಗುದ್ದಿ ಗುದ್ದಿ ಗದ್ದ ಕೊಳೆತು ಸಾಯುತ್ತದೆ.

"ಇದನ್ನ ನಮ್ಮ ಭಾವಂಗೆ ಹೇಳಲಿಲ್ವಾ ನೀವು?"

"ಹೇಳ್ದೆ. ಮರಳು ಗಲೀಜು ಅಂದ್ರು. ಕೆಂಪು ಬಣ್ಣ ಸೋಫಾಗೆ ಹೊಂದುತ್ತಾ ಅಂತ ಮಾತ್ರ ಕೇಳಿದ್ರು. ಹೊಂದುತ್ತೆ ಅಂದೆ."

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಜೀವ ಇರುವುದನ್ನು ಸೋಫಾ ಜೊತೆ ಹೊಂದಿಸುವವರನ್ನು ಏನೆನ್ನಬೇಕು? ಆದರೂ ಅಕ್ಕನ ಮುಖ ನೋಡಿ ಬಾಯಿಗೆ ಬಂದದ್ದನ್ನು ಅಲ್ಲೇ ತಡೆದಳು. ಅಮೃತಶಿಲೆಯನ್ನೆಲ್ಲ ಆರಿಸಿ ಬಕೆಟ್ಟಿಗೆ ಹಾಕಿ, ಮರಳನ್ನು ಹದಿನಾರು ಸಲ ತೊಳೆದು ಟ್ಯಾಂಕಿಗೆ ಹರಡಿದಳು. ನೀರು ತಿಳಿಯಾದ ಕ್ಷಣಕ್ಕೆ ಮೀನು ಒಂದು ಸುತ್ತು ಹಾಕಿ, ಎಡ ಮೂಲೆಯಲ್ಲಿ ಸರಕ್ಕನೆ ಒಳಗೆ ಹೋಯಿತು. ಹೋದದ್ದು ಮೂರು ದಿನ ಹೊರಗೆ ಬರಲಿಲ್ಲ.

"ಹೋಯ್ತು ಅನ್ಸತ್ತೆ," ಎಂದ ಗಂಡ, ಎರಡನೇ ದಿನ.

"ನಿದ್ದೆ ಮಾಡ್ತಿದೆ. ಎಷ್ಟು ತಿಂಗಳ ನಿದ್ದೆ ಬಾಕಿ ಇತ್ತೋ ಏನೋ. ಕೈ ಹಾಕಿ ಕೆದಕಿದ್ರೆ ನೋಡಿ ಮತ್ತೆ."

ನಾಲ್ಕನೆಯ ದಿನ ಬೆಳಗ್ಗೆ ಏಳೂವರೆಗೆ ಮರಳಿನಲ್ಲಿ ಮೊದಲು ಒಂದು ಮೂತಿ ಕಂಡಿತು. ಆಮೇಲೆ ಎರಡು ಕಣ್ಣು, ಬಾಗಿಲು ತೆರೆಯುವ ಮುಂಚೆ ಕಿಟಕಿಯಿಂದ ಇಣುಕುವವರ ಹಾಗೆ. ಅಕ್ಕಪಕ್ಕ ಯಾರೂ ಇಲ್ಲ ಎಂದು ಖಾತ್ರಿಯಾದ ಮೇಲೆ ಇಡೀ ಮೀನು ಮೇಲೆದ್ದು ಮೈ ಕೊಡವಿತು. ಗದ್ದದ ಗಾಯ ಒಣಗುತ್ತಿತ್ತು. ಅವಳು ಅವತ್ತು ಲ್ಯಾಬಿಗೆ ಇಪ್ಪತ್ತು ನಿಮಿಷ ತಡವಾಗಿ ಹೋದಳು, ಇಪ್ಪತ್ತೆರಡು ವರ್ಷದಲ್ಲಿ ಮೊದಲ ಬಾರಿಗೆ.

ಆಮೇಲೆ ಅದು ಅವಳ ಮನೆಯ ಗಡಿಯಾರವೇ ಆಯಿತು. ಬೆಳಗ್ಗೆ ಏಳೂವರೆಗೆ ಏಳುವುದು, ಸಂಜೆ ಆರಕ್ಕೆ ಮಲಗುವುದು. ಭಾನುವಾರಗಳಂದು ಇಡೀ ದಿನ ಅದರ ಕಾರುಬಾರು ನೋಡಬೇಕು. ಅವಳು ಮರಳಿನ ಮೇಲಿಟ್ಟಿದ್ದ ಚಿಪ್ಪು ಎತ್ತಿ ಕಲ್ಲಿಗೆ ಕುಟ್ಟುವುದು, ಕಲ್ಲು ಮಗುಚಿ ಕೆಳಗೆ ಏನಿದೆ ಎಂದು ನೋಡುವುದು. ಮುಂದೆ ಎರಡು ಹಲ್ಲು ಉಬ್ಬಿಕೊಂಡಿದ್ದವು, ಕೆಳಗಿನ ಒಂದು ಹಲ್ಲು ಎಡಕ್ಕೆ ವಾಲಿತ್ತು. ಹಲ್ಲಿನವಳಿಗೆ ಇದಕ್ಕಿಂತ ಇನ್ನೇನು ಬೇಕು? "ಇಂಥ ಹಲ್ಲಿಟ್ಕೊಂಡು ಏನು ಪೋಸು ಕೊಡ್ತೀಯೋ," ಎಂದು ಅದನ್ನು ರೇಗಿಸುತ್ತಿದ್ದಳು. ಲ್ಯಾಬಿನಲ್ಲಿ ಹಲ್ಲಿನ ಬಣ್ಣ ಹೊಂದಿಸಲು ಇಟ್ಟಿದ್ದ ಕ್ಯಾಮೆರಾವನ್ನು ಶನಿವಾರ ಮನೆಗೆ ತಂದು, ಪ್ರತಿ ಭಾನುವಾರ ಅದರ ಫೋಟೋ ತೆಗೆಯುವ ಹುಚ್ಚು ಹಿಡಿಯಿತು.

ಬಣ್ಣ ಬದಲಾಗತೊಡಗಿದ್ದು ಐದನೆಯ ತಿಂಗಳಲ್ಲಿ. ಮೊದಲು ಬಾಲ ಹಳದಿಯಾಯಿತು. ಆಮೇಲೆ ಬಿಳಿ ಪಟ್ಟೆಗಳು ಮಾಸಿದವು, ಕೆಂಪು ಕಪ್ಪಾಯಿತು, ಕಪ್ಪಿನ ಮೇಲೆ ನೀಲಿ ಚುಕ್ಕೆಗಳು ಒಂದೊಂದಾಗಿ ಹೊತ್ತಿಕೊಂಡವು, ಮುಖದ ಮೇಲೆ ಹಸಿರು ಗೆರೆಗಳು ಮೂಡಿದವು. ಬೆರಳುದ್ದ ಇದ್ದದ್ದು ಅಂಗೈಯುದ್ದ ಆಯಿತು. ದೊಡ್ಡದಾಗುತ್ತಿದೆ, ಪ್ರಾಯಕ್ಕೆ ಬರುತ್ತಿದೆ, ಅಷ್ಟೇ. ಅವಳು ಅಕ್ಕನಿಗೆ ಫೋನಿನಲ್ಲಿ ಹೇಳಿಯೂ ಹೇಳಿದಳು. "ನಿಮ್ಮ ಮೀನು ಬಣ್ಣ ಬದಲಾಯಿಸ್ತಿದೆ ಅಕ್ಕ, ಬಂದು ನೋಡು." ಅತ್ತ ಕಡೆ ಅಕ್ಕ ಕೆಲಸದವನಿಗೆ, "ಅಯ್ಯೋ ಆ ಮೂಲೆ ಬಿಟ್ಟೇಬಿಟ್ಯಲ್ಲಪ್ಪಾ," ಎಂದು ಕೂಗುತ್ತಿದ್ದಳು. "ಹೂಂ ಹೂಂ, ಆಮೇಲೆ ಮಾಡ್ತೀನಿ," ಎಂದು ಫೋನಿಟ್ಟಳು.

ಬರಲಿಲ್ಲವೆಂದಲ್ಲ. ಅಕ್ಕ ನಾಲ್ಕು ಸಲ ಬಂದಳು, ಭಾವನೂ ಒಮ್ಮೆ ಬಂದ. ಆದರೆ ಪ್ರತಿ ಸಲವೂ ಅಂಗಡಿ ಮುಚ್ಚಿದ ಮೇಲೆ, ಏಳು ಗಂಟೆಗೆ. ಅಷ್ಟು ಹೊತ್ತಿಗೆ ಮೀನು ಮರಳಿನೊಳಗೆ. "ಎಲ್ಲಿ ಮೀನು?" ಎಂದರೆ "ಮಲಗಿದೆ" ಎನ್ನುತ್ತಿದ್ದಳು. ಭಾವ ಖಾಲಿ ಟ್ಯಾಂಕನ್ನು, ಅದರ ತಳದ ಮರಳನ್ನು ಎರಡು ನಿಮಿಷ ನೋಡಿ, ಕಾಫಿ ಕುಡಿದು ಹೋಗಿದ್ದ. ಅವನು ಮನಸ್ಸಿನಲ್ಲಿ ಏನು ಲೆಕ್ಕ ಹಾಕುತ್ತಿದ್ದನೆಂದು ಆಗ ಯಾರಿಗೆ ಗೊತ್ತಿತ್ತು?

ಗೊತ್ತಾದದ್ದು ಹನ್ನೊಂದನೆಯ ತಿಂಗಳಲ್ಲಿ, ಒಂದು ಭಾನುವಾರ ಮಧ್ಯಾಹ್ನ. ಹೊಸ ನೆಲವಾಗಿತ್ತು, ಹೊಸ ಹಾಲಿಗೆ ಆರು ಅಡಿಯ ಹೊಸ ಟ್ಯಾಂಕು ಬಂದಿತ್ತು. ಹಳೆಯ ಟ್ಯಾಂಕನ್ನು ನೀವೇ ಇಟ್ಟುಕೊಳ್ಳಿ, ಮೀನು ಮಾತ್ರ ಕೊಡಿ ಎಂದು ಭಾವ ಮುಚ್ಚಳದ ಬಕೆಟ್ಟು ಹಿಡಿದು ಅಕ್ಕನ ಜೊತೆ ಬಂದ. ಟ್ಯಾಂಕಿನ ಮುಂದೆ ನಿಂತ. ನೀಲಿ ಚುಕ್ಕೆಯ ಮೀನು ಹಳದಿ ಬಾಲ ಬೀಸಿಕೊಂಡು ಅವನ ಎದುರಿಗೇ ಬಂತು.

"ಇದ್ಯಾವ ಮೀನು?"

"ನಿಮ್ಮದೇ ಭಾವ. ಎಷ್ಟು ಚೆನ್ನಾಗಿ ಬೆಳೆದಿದೆ ನೋಡಿ."

"ನಂದು ಕೆಂಪು ಮೀನು."

"ಅದೇ ಇದು. ಚಿಕ್ಕದಾಗಿದ್ದಾಗ ಕೆಂಪು, ದೊಡ್ಡದಾದ ಮೇಲೆ ಹೀಗೆ."

ಭಾವ ಬಕೆಟ್ಟನ್ನು ಕೆಳಗಿಟ್ಟ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ನಗು ಇತ್ತು. ಅದೇ ಅವಳನ್ನು ಕೆಣಕಿದ್ದು. "ನೋಡಮ್ಮಾ, ಕೆಂಪು ಮೀನು ನೀಲಿ ಆಯ್ತು ಅಂದ್ರೆ ನಂಬೋಕೆ ನಾನೇನು ಚಿಕ್ಕ ಮಗುನಾ? ನಾವು ಬಂದಾಗಲೆಲ್ಲ ಮಲಗಿದೆ, ಮಲಗಿದೆ ಅಂತಿದ್ದೆ. ಖಾಲಿ ಟ್ಯಾಂಕ್ ತೋರಿಸ್ತಿದ್ದೆ. ಆಗಲೇ ಸತ್ತು ಹೋಗಿತ್ತು ಅನ್ನು."

"ಭಾವ, ಯೋಚನೆ ಮಾಡಿ ಮಾತಾಡಿ."

"ಏನು ಯೋಚನೆ? ಇವಳ ಕೆಲಸವೇ ಅದು ಕಣೇ," ಎಂದು ಭಾವ ಅಕ್ಕನ ಕಡೆ ತಿರುಗಿದ. "ಅಸಲಿ ಹಲ್ಲಿದ್ದ ಜಾಗದಲ್ಲಿ ಇನ್ನೊಂದು ಕೂರಿಸಿ, ಗೊತ್ತಾಗದ ಹಾಗೆ ಮಾಡೋದು. ಇಲ್ಲಿ ಮಾತ್ರ ಬಣ್ಣ ಹೊಂದಿಸೋಕೆ ಆಗಲಿಲ್ಲ, ಪಾಪ."

ಇಪ್ಪತ್ತೆರಡು ವರ್ಷದ ಕೆಲಸ, ಹದಿನಾರು ಸಲ ತೊಳೆದ ಮರಳು, ಹನ್ನೊಂದು ತಿಂಗಳ ಉಪ್ಪುನೀರು, ಎಲ್ಲವನ್ನೂ ಈ ಮನುಷ್ಯ ಒಂದು ನಗೆಚಾಟಿಕೆಯಲ್ಲಿ ಚರಂಡಿಗೆ ಚೆಲ್ಲಿದ್ದ. ಅದೇ ಮೀನು, ಅದೇ ಮೀನು ಎಂದು ಕೂಗಿದಳು. ಫೋಟೋ ತೋರಿಸೋಣವೆಂದರೆ ಈ ಶನಿವಾರ ಕ್ಯಾಮೆರಾವನ್ನು ಮರೆತು ಲ್ಯಾಬಿನಲ್ಲೇ ಬಿಟ್ಟು ಬಂದಿದ್ದಳು, ಲ್ಯಾಬಿಗೆ ಬೀಗ. ಗಂಡ, "ಹೌದು ಭಾವ, ನಾನೂ ನೋಡಿದೀನಿ," ಎಂದ. "ನೀವು ನಿಮ್ಮ ಹೆಂಡ್ತಿ ಕಡೆ ಮಾತಾಡದೆ ಇನ್ಯಾರ ಕಡೆ ಮಾತಾಡ್ತೀರಿ," ಎಂದ ಭಾವ, ಅವನ ಬೆನ್ನು ತಟ್ಟಿ. ಬಕೆಟ್ಟು ಎತ್ತಿಕೊಂಡ. "ನಿನ್ನ ಮೀನು ನೀನೇ ಇಟ್ಕೋಮ್ಮಾ. ನಂದಿದ್ರೆ ಕೊಡು."

ಅಕ್ಕ ಅವನ ಹಿಂದೆಯೇ ಹೊರಟುಹೋದಳು. ಮರುದಿನ ಫೋನು ಮಾಡಿದಳು.

"ನೋಡೇ, ಸತ್ತಿದ್ರೆ ಸತ್ತಿದೆ ಅನ್ನು. ಮೀನು ತಾನೇ, ಯಾರ ಕೈಲಾದ್ರೂ ಸಾಯತ್ತೆ. ನಿಮ್ಮ ಭಾವಂಗೆ ನಾನು ಹೇಳಿ ಸಮಾಧಾನ ಮಾಡ್ತೀನಿ. ಸುಮ್ನೆ ಯಾಕೆ ಹಟ?"

"ಅಕ್ಕ, ನೀನೂನಾ?"

"ಹಾಗಲ್ಲ ಕಣೇ..."

ಅವಳು ಫೋನು ಇಟ್ಟುಬಿಟ್ಟಳು. ಭಾವ ಅಂದದ್ದು ಮೈ ಸುಟ್ಟಿತ್ತು, ಅಕ್ಕ ಅಂದದ್ದು ಒಳಗೆ ಇಳಿಯಿತು. ಭಾವನದು ಅವಮಾನ, ಅದಕ್ಕೆ ಎದುರು ನಿಲ್ಲಬಹುದು. ಅಕ್ಕ ಕೊಡಲು ಬಂದದ್ದು ಕ್ಷಮೆ. ಮಾಡದ ತಪ್ಪಿಗೆ ಕ್ಷಮೆ ಕೊಡಲು ಬರುವವರನ್ನು ಏನು ಮಾಡಬೇಕು?

ಸೋಮವಾರದಿಂದ ಶುಕ್ರವಾರದವರೆಗೆ ಅವಳು ತನಗೆ ಗೊತ್ತಿದ್ದ ಕೆಲಸವನ್ನೇ ಮಾಡಿದಳು. ಕ್ಯಾಮೆರಾದಲ್ಲಿದ್ದ ನಲವತ್ತು ಚಿಲ್ಲರೆ ಫೋಟೋಗಳನ್ನು ಪ್ರಿಂಟು ಹಾಕಿಸಿದಳು, ಒಂದೊಂದರ ಕೆಳಗೂ ತಾರೀಖು ಬರೆದಳು. ಕೆಂಪು, ಕೆಂಪಿಗೆ ಹಳದಿ ಬಾಲ, ಮಾಸಿದ ಪಟ್ಟೆ, ಮೊದಲ ನೀಲಿ ಚುಕ್ಕೆ, ಕೊನೆಗೆ ಇವತ್ತಿನ ಮೀನು. ಪ್ರತಿಯೊಂದರಲ್ಲೂ ಎಡಕ್ಕೆ ವಾಲಿದ ಆ ಕೆಳಹಲ್ಲು, ಅದಕ್ಕೆ ಕೆಂಪು ಪೆನ್ನಿನಲ್ಲಿ ಒಂದು ಸುತ್ತು. ಎಲ್ಲವನ್ನೂ ಲ್ಯಾಬಿನ ಫೈಲಿಗೆ ಚುಚ್ಚಿದಳು. ಮೀನಿನಂಗಡಿಯವನ ಹತ್ತಿರವೂ ಹೋದಳು. "ಈ ಮೀನು ಹಿಂಗೇ ಬದಲಾಗೋದು. ಎಲ್ರಿಗೂ ಗೊತ್ತಿರೋ ವಿಷ್ಯ," ಎಂದ ಅವನು. ಹಾಗಾದರೆ ಮಾರುವಾಗ ಯಾಕೆ ಹೇಳಲಿಲ್ಲ ಎಂದು ಅವನ ಮೇಲೂ ಹಾರಿದಳು. "ಕೇಳಲಿಲ್ಲ, ಹೇಳಲಿಲ್ಲ," ಎಂದ. ಬರೆದುಕೊಡಿ ಎಂದಳು. ಅಂಗಡಿಯ ಚೀಟಿಯ ಹಿಂದೆ ಬರೆದುಕೊಟ್ಟ. ಅದೂ ಫೈಲಿಗೆ ಸೇರಿತು.

ಲ್ಯಾಬಿನವರೆಲ್ಲ ಫೈಲು ನೋಡಿ ಕೈಮುಗಿದರು. ರುಜುವಾತು ಮೇಡಂ ಇಷ್ಟು ದೊಡ್ಡ ರುಜುವಾತು ಹಿಂದೆಂದೂ ಕಟ್ಟಿರಲಿಲ್ಲ.

ಶನಿವಾರ ಮಧ್ಯಾಹ್ನ ಲ್ಯಾಬು ಮುಗಿಸಿ ಗಂಡನನ್ನೂ ಕರೆದುಕೊಂಡು ಅಕ್ಕನ ಮನೆಗೆ ಹೋದಳು. ಭಾವ ಊಟಕ್ಕೆ ಬರುವ ಹೊತ್ತು ನೋಡಿಕೊಂಡೇ ಹೋದದ್ದು. ನೆಲ ಎಷ್ಟು ಹೊಳೆಯುತ್ತಿತ್ತೆಂದರೆ ಅವಳ ಸೀರೆಯ ಅಂಚಿನ ಹೊಲಿಗೆ ಬಿಟ್ಟದ್ದೂ ಅದರಲ್ಲಿ ಕಾಣುತ್ತಿತ್ತು. ಗಂಡ ಸೋಫಾದ ತುದಿಯಲ್ಲಿ ಕೂತು ಫೈಲನ್ನು ತೊಡೆಯ ಮೇಲಿಟ್ಟುಕೊಂಡ. ಅವಳು ಬಾಯಿ ತೆರೆಯುವ ಮುಂಚೆಯೇ ಭಾವ, "ಬಾ ಬಾ, ಮೊದಲು ಟ್ಯಾಂಕ್ ನೋಡು," ಎಂದು ಕರೆದೊಯ್ದ.

ಆರು ಅಡಿ ಉದ್ದ. ಒಳಗೆ ದೀಪ, ನೀರು ತುಂಬಿ ಗುಳ್ಳೆ ಏಳುತ್ತಿತ್ತು. ತಳದಲ್ಲಿ ಕಪ್ಪು ಅಮೃತಶಿಲೆಯ ಚಪ್ಪಡಿ, ಒಂದೇ ಚಪ್ಪಡಿ, ಗಾಜಿಗೆ ಅಂಟಿಸಿದ್ದು. ಚೂರುಗಳೂ ಇಲ್ಲ. ಬೆರಳು ತೂರಿಸುವ ಸಂದೂ ಇಲ್ಲ.

ಅವಳು ಬಂದ ಕೆಲಸವನ್ನೇ ಮರೆತು ಅದನ್ನು ನೋಡುತ್ತ ನಿಂತಳು.

"ಹೆಂಗಿದೆ?"

"ಭಾವ, ಇದಕ್ಕೆ ಮರಳು ಹಾಕ್ತೀರಾ?"

"ಮರಳಾ? ಇಷ್ಟು ಚೆನ್ನಾಗಿರೋ ಕಲ್ಲು ಕೂರಿಸಿ ಅದರ ಮೇಲೆ ಮರಳು ಸುರೀಲಾ? ನಿಮ್ಮನೇಲಿ ನೋಡಿದ್ನಲ್ಲ, ಗಲೀಜು."

"ಒಂದು ಮೂಲೆಗಾದ್ರೂ? ಒಂದು ಅಗಲವಾದ ಪಾತ್ರೆಗೆ ಹಾಕಿ ಇಟ್ರೂ ಆಗತ್ತೆ. ನಾನೇ ತೊಳೆದು ತಂದು ಕೊಡ್ತೀನಿ."

"ಹಾಲಿನಲ್ಲಿ, ಟ್ಯಾಂಕೊಳಗೆ ಪಾತ್ರೆ! ಬಂದವರು ನಗ್ತಾರೆ. ಮೀನು ಮಲಗೋಕೆ ಹಾಸಿಗೆ ಹಾಸ್ಬೇಕೇನಮ್ಮಾ?" ಭಾವ ಗಾಜಿನ ಮೇಲಿದ್ದ ಬೆರಳ ಗುರುತನ್ನು ಕರ್ಚೀಫಿನಲ್ಲಿ ಒರೆಸಿದ. "ನಾಳೆ ಜನ ಬರ್ತಾರೆ ಮನೆ ನೋಡೋಕೆ. ನನ್ನ ಕೆಂಪು ಮೀನು ಇದ್ದಿದ್ರೆ ಇದರಲ್ಲಿ ರಾಜನ ಹಾಗೆ ಇರ್ತಿತ್ತು. ಹೋಗ್ಲಿ. ನೀನು ಏನೋ ಹೇಳೋಕೆ ಬಂದೆಯಲ್ಲ?"

"ಒಂದು ವೇಳೆ ಅದೇ ಮೀನು ಅಂತ ನಾನು ತೋರಿಸಿದ್ರೆ?" ಎಂದು ಅವಳು ಕೇಳಿದಳು.

"ತೋರಿಸು. ಈಗಲೇ ಬಕೆಟ್ ತಗೊಂಡು ನಿನ್ನ ಜೊತೇನೇ ಬರ್ತೀನಿ. ನನ್ನ ಮೀನು ನನ್ನ ಮನೇಲಿ ಇರಬೇಕು. ಬೇರೇದಾದ್ರೆ ನಂಗೆ ಬೇಡ, ಮೋಸದ ಮಾಲು ಈ ಮನೆ ಹೊಸಿಲು ದಾಟಬಾರದು. ನಿನ್ನ ಹತ್ರಾನೇ ಇರಲಿ."

ಅಡುಗೆಮನೆಯ ಬಾಗಿಲಲ್ಲಿ ಅಕ್ಕ ಕೈ ಒರೆಸಿಕೊಳ್ಳುತ್ತ ಬಂದು ನಿಂತಿದ್ದಳು. ಸೋಫಾದ ಮೇಲೆ ಗಂಡ ಫೈಲಿನ ದಾರ ಬಿಚ್ಚಿ, ಅವಳ ಮುಖವನ್ನೇ ನೋಡುತ್ತಿದ್ದ. ಮೊದಲ ಪುಟ ತೆರೆದರೆ ಸಾಕಿತ್ತು. ಈ ಮನುಷ್ಯ ಇದೇ ಹೊಳೆಯುವ ನೆಲದ ಮೇಲೆ ನಿಂತು, ಅಕ್ಕನ ಎದುರಿಗೆ, ಅಂದ ಮಾತನ್ನು ವಾಪಸ್ ತೆಗೆದುಕೊಳ್ಳಬೇಕಾಗುತ್ತಿತ್ತು. ಐದು ದಿನ, ಐದು ರಾತ್ರಿ ಅವಳು ಬೇರೇನನ್ನೂ ಬಯಸಿರಲಿಲ್ಲ. ತೆಗೆದುಕೊಂಡ ಮೇಲೆ ಬಕೆಟ್ಟು ಬರುತ್ತಿತ್ತು. ಅಂಗೈಯುದ್ದದ ಆ ಮೀನು ಇವತ್ತು ಸಂಜೆ ಆರಕ್ಕೆ ಈ ಕಪ್ಪು ಕಲ್ಲಿಗೆ ಮೂತಿ ಗುದ್ದುತ್ತಿತ್ತು, ನಾಳೆಯೂ ಗುದ್ದುತ್ತಿತ್ತು, ಬಂದ ಅತಿಥಿಗಳು ಸುತ್ತ ನಿಂತು ನೋಡುತ್ತಿರುವಾಗ.

ಎಂಥ ಅನ್ಯಾಯ! ನಿಜ ಹೇಳಿದರೆ ಮೀನು ಸಾಯುತ್ತದೆ, ಸುಳ್ಳು ಹೇಳಿದರೆ ತನ್ನ ಮರ್ಯಾದೆ ಹೋಗುತ್ತದೆ. ಎರಡಕ್ಕೂ ಕಾರಣನಾದವನು ಮಾತ್ರ ಕರ್ಚೀಫು ಮಡಚಿ ಜೇಬಿಗೆ ಹಾಕಿಕೊಳ್ಳುತ್ತಿದ್ದಾನೆ. ಅವಳಿಗೆ ಆ ಆರು ಅಡಿಯ ಗಾಜನ್ನು ಒದ್ದು ಒಡೆಯಬೇಕೆನ್ನಿಸಿತು.

"ನೀವು ಹೇಳಿದ್ದೇ ಸರಿ ಭಾವ," ಎಂದಳು. "ನಿಮ್ಮ ಮೀನು ಹೋದ ವರ್ಷವೇ ಸತ್ತುಹೋಯ್ತು. ಹೇಳೋಕೆ ಭಯ ಆಯ್ತು. ಇನ್ನೊಂದು ತಂದು ಬಿಟ್ಟೆ."

ಗಂಡನ ಕೈ ಫೈಲಿನ ಮೇಲೆ ನಿಂತುಹೋಯಿತು. ಮದುವೆಯಾಗಿ ಹತ್ತೊಂಬತ್ತು ವರ್ಷದಲ್ಲಿ ಅವಳಿಗೆ ಭಯವಾಯಿತೆಂಬ ಮಾತನ್ನು ಅವನು ಕೇಳಿದ್ದೇ ಇದು ಮೊದಲು. ಆಮೇಲೆ ಅವನು ಸದ್ದಿಲ್ಲದೆ ದಾರ ಕಟ್ಟಿ, ಫೈಲನ್ನು ಚೀಲದೊಳಗೆ ಇಳಿಸಿದ.

ಭಾವನಿಗೆ ಎಷ್ಟು ಸಂತೋಷವಾಯಿತು ಎನ್ನುತ್ತೀರಿ! ಗೆದ್ದವನ ದೊಡ್ಡಸ್ತಿಕೆ ಉಕ್ಕಿ ಬಂತು. "ನೋಡಿದೆಯಾ, ನಾನು ಮೊದಲ ದಿನವೇ ಹೇಳ್ದೆ. ನನ್ನ ಕಣ್ಣಿಗೆ ಮಣ್ಣೆರಚೋಕೆ ಆಗಲ್ಲಮ್ಮಾ. ಆದ್ರೂ ಒಪ್ಕೊಂಡೆಯಲ್ಲ, ಅದು ದೊಡ್ಡದು. ನಾನು ಹೊಟ್ಟೆಗೆ ಹಾಕ್ಕೊಂಡೆ. ಇನ್ನು ಆ ವಿಷಯ ಎತ್ತೋದೇ ಬೇಡ." ಊಟಕ್ಕೆ ಕೂತಾಗ ಆ ವಿಷಯವನ್ನು ಅವನೇ ಮೂರು ಸಲ ಎತ್ತಿದ. ಮೂರನೆಯ ಸಲ ಅಂಗಡಿಯ ಮ್ಯಾನೇಜರಿಗೆ ಫೋನಿನಲ್ಲಿ ಹೇಳಿ ನಕ್ಕ.

ಅವಳು ಹಲ್ಲು ಕಚ್ಚಿ ಕೂತಿದ್ದಳು. ಇನ್ನೊಂದು ಕೆಲಸ ಬಾಕಿಯಿತ್ತು. ಇವನು ನಾಳೆ ಬೆಳಗ್ಗೆ ಹೋಗಿ ಇಂಥದೇ ಇನ್ನೊಂದು ಕೆಂಪು ಮರಿ ತಂದು ಆ ಕಲ್ಲಿನ ಮೇಲೆ ಬಿಟ್ಟರೆ? "ಭಾವ, ನನ್ನ ತಪ್ಪಿಗೆ ನಾನೇ ಬೇರೆ ಮೀನು ತಂದುಕೊಡ್ತೀನಿ," ಎಂದಳು. "ಎರಡು. ಕಿತ್ತಳೆ ಬಣ್ಣ, ಬಿಳಿ ಪಟ್ಟೆ. ಯಾವಾಗಲೂ ಮೇಲೇ ಕಾಣ್ತಾ ಇರ್ತವೆ, ಇದರ ಹಾಗೆ ಹೂತುಕೊಂಡು ಬಂದವರಿಗೆ ಖಾಲಿ ಟ್ಯಾಂಕ್ ತೋರಿಸಲ್ಲ." ಅವಕ್ಕೆ ಮರಳೂ ಬೇಕಿಲ್ಲ ಎನ್ನುವುದನ್ನು ಹೇಳಲಿಲ್ಲ. ಒಂದರ ಬದಲು ಎರಡು ಎಂದಾಗ ಭಾವನ ಮುಖ ಅವನ ನೆಲದ ಹಾಗೆಯೇ ಹೊಳೆಯಿತು. ಸೋಫಾಗೆ ಕಿತ್ತಳೆಯೂ ಹೊಂದುತ್ತದೆ ಎಂದ.

ಹೊರಡುವಾಗ ಅಕ್ಕ ಗೇಟಿನ ತನಕ ಬಂದಳು. ತಂಗಿಗೆ ಒಂದೇ ಒಂದು ಆಸೆಯಿತ್ತು. ಭಾವ ನಂಬಿದರೆ ನಂಬಲಿ. ಜಡೆ ಹಾಕಿ ಬೆಳೆಸಿದವಳು ಇವಳು, ಇವಳೊಬ್ಬಳಾದರೂ ಕೈ ಹಿಡಿದು, ನಿಜ ಹೇಳು, ಏನಿದು ನಿನ್ನ ನಾಟಕ ಎಂದು ಕೇಳಲಿ. ಕೇಳಿದರೆ ಗೇಟಿನಲ್ಲೇ ಎಲ್ಲವನ್ನೂ ಹೇಳಿ, ಫೈಲನ್ನು ಅವಳ ಕೈಗಿಟ್ಟು, ಭಾವನಿಗೆ ಹೇಳಬೇಡ ಎಂದು ಆಣೆ ಹಾಕಿಸಿಕೊಂಡು ಹೋಗುವುದೆಂದು ಅವಳು ಊಟದ ತಟ್ಟೆಯ ಮುಂದೆಯೇ ನಿರ್ಧರಿಸಿದ್ದಳು.

ಅಕ್ಕ ಕೈ ಹಿಡಿದಳು. ಕಣ್ಣಲ್ಲಿ ನೀರಿತ್ತು.

"ಈಗ ನಂಗೆ ಸಮಾಧಾನ ಆಯ್ತು ಕಣೇ. ನಿನ್ನ ಮುಖ ನೋಡಿದ್ರೆ ಸಾಕು, ಹೊಟ್ಟೇಲಿರೋದು ನಂಗೆ ಗೊತ್ತಾಗಿಬಿಡತ್ತೆ. ಅವತ್ತು ಅದೇ ಮೀನು, ಅದೇ ಮೀನು ಅಂತ ಕೂಗಾಡ್ದೆಯಲ್ಲ, ಆಗಲೇ ಅಂದ್ಕೊಂಡೆ, ಇವಳು ಸುಳ್ಳು ಹೇಳ್ತಿದಾಳೆ ಅಂತ. ಇವತ್ತು ನಿಜ ಹೇಳಿದಾಗ ನೋಡು, ಮುಖ ಎಷ್ಟು ಶಾಂತವಾಗಿತ್ತು."

ಅವಳು ಅಕ್ಕನನ್ನು ನೋಡಿದಳು. ಗಂಡ ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿಕೊಂಡು, ಕೊಡಲೇ ಎನ್ನುವ ಹಾಗೆ ಅವಳ ಕಡೆ ಚಾಚಿದ. ಅವಳು ಅದನ್ನು ಪಕ್ಕಕ್ಕೆ ಸರಿಸಿದಳು.

"ಹೌದಕ್ಕ," ಎಂದಳು.